ಸ್ನಾನದ ನೀರಿನ ಹದ

ಕನ್ನಡದಲ್ಲಿ ‘ಹದ’ ಎಂಬುದು ಬಹು ಬೆಲೆಯುಳ್ಳ ಮಾತು. ನೆಲ ಹದವಾದರೆ ಬಿತ್ತನೆ, ಪಾಕ ಹದವಾದರೆ ಸಿಹಿತಿಂಡಿ, ಜೇಡಿಮಣ್ಣು ಹದವಾದರೆ ಹೆಂಚು. ಹೆಚ್ಚೂ ಅಲ್ಲದ, ಕಡಮೆಯೂ ಅಲ್ಲದ, ಕೆಲಸಕ್ಕೆ ಒದಗುವ ಸ್ಥಿತಿಗೆ ನಮ್ಮ ಹಿರಿಯರು ಇಟ್ಟ ಹೆಸರು ಅದು. ಸ್ನಾನದ ನೀರಿಗೂ ಒಂದು ಹದವುಂಟು. ಆ ಹದವನ್ನು ಕಾಯುವ ಕೆಲಸ ಬಹುಕಾಲದಿಂದ ಮನೆಯ ಹೆಂಗಸರ ಕೈಯಲ್ಲಿತ್ತು. ಈಗ ಅದು ಬಚ್ಚಲುಮನೆಯ ಗೋಡೆಗೆ ತಗುಲಿಹಾಕಿರುವ ವಿದ್ಯುತ್ ಗೀಸರಿನೊಳಗಣ ಒಂದು ಸಣ್ಣ ಸಾಧನಕ್ಕೆ ಸೇರಿದೆ. ಅದಕ್ಕೆ ಥರ್ಮೋಸ್ಟಾಟ್ ಎಂದು ಹೆಸರು. ನಾವು ಉಷ್ಣಸ್ಥಾಪಿ ಎನ್ನಬಹುದು. ಕೈಯಿಂದ ಯಂತ್ರಕ್ಕೆ ಈ ಹದ ಹೇಗೆ ದಾಟಿತು, ದಾಟುವಾಗ ಏನು ಬಂತು, ಏನು ಬಿಟ್ಟುಹೋಯಿತು ಎಂಬುದನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯನ್ನು ಮುಂದಿಟ್ಟುಕೊಂಡು ನೋಡೋಣ. ಏಕೆಂದರೆ ಈ ಸೀಮೆಯ ನೀರೇ ಆ ಕಥೆಗೆ ಒಂದು ವಿಶೇಷವಾದ ತಿರುವನ್ನು ಕೊಟ್ಟಿದೆ.

ಉಷ್ಣಮಾಪಕವಿಲ್ಲದ ಕಾಲದಲ್ಲಿ ಭಾಷೆಯೇ ಮಾಪಕವಾಗಿತ್ತು. ತಣ್ಣಗೆ, ಉಗುರುಬೆಚ್ಚಗೆ, ಬೆಚ್ಚಗೆ, ಬಿಸಿ, ಸುಡುಬಿಸಿ, ಕೊತಕೊತ ಕುದಿ ಎಂದು ಮೆಟ್ಟಿಲು ಮೆಟ್ಟಿಲಾಗಿ ನಾವು ಕಾವನ್ನು ಹೆಸರಿಸುತ್ತೇವೆ. ಇವುಗಳಲ್ಲಿ ‘ಉಗುರುಬೆಚ್ಚಗೆ’ ಎಂಬುದು ಬೆರಳ ತುದಿಯನ್ನು ಅದ್ದಿ ನೋಡಿದವರು ಕಟ್ಟಿದ ಮಾತು. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಮನೆಯೊಳಗೆ ತೆಲುಗನ್ನೂ ಹೊರಗೆ ಕನ್ನಡವನ್ನೂ ಆಡುವ ಸಂಸಾರಗಳು ಬಹಳ. ಅವರು ಇದನ್ನೇ ‘ಗೋರುವೆಚ್ಚ’ ಎನ್ನುತ್ತಾರೆ. ಗೋರು ಎಂದರೆ ಉಗುರು. ಎರಡು ನುಡಿಗಳೂ ಒಂದೇ ಬೆರಳನ್ನು ಒಂದೇ ನೀರಿಗೆ ಅದ್ದಿ ಅಳೆದಿವೆ ಎಂದಾಯಿತು.

ಈ ವಿಷಯದಲ್ಲಿ ಗ್ರಂಥಕರ್ತರೂ ಉದಾಸೀನರಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಸ್ನಾನಕ್ಕೆಂದೇ ಒಂದು ಪ್ರಕರಣವಿದೆ. ಅವನಿಗೂ ಹಿಂದಿನ ವಾಗ್ಭಟನು ‘ಅಷ್ಟಾಂಗಹೃದಯ’ದಲ್ಲಿ, ಬಿಸಿನೀರು ಕಂಠದಿಂದ ಕೆಳಗಿನ ಶರೀರಕ್ಕೆ ಬಲವನ್ನು ಕೊಡುವುದೆಂದೂ, ಅದೇ ನೀರು ತಲೆಯ ಮೇಲೆ ಬಿದ್ದರೆ ಕೂದಲಿಗೂ ಕಣ್ಣಿಗೂ ಕೇಡೆಂದೂ ಎಚ್ಚರಿಸಿದ್ದಾನೆ. ಒಂದೇ ಮೈಗೆ ಎರಡು ಹದ! ಬಾಣಂತಿಗೆ ಒಂದು, ಎಳೆಗೂಸಿಗೆ ಒಂದು, ಮುದುಕರಿಗೆ ಮತ್ತೊಂದು ಎಂದು ಲೆಕ್ಕ ಹಾಕಿದರೆ, ಹಂಡೆಯ ಮುಂದೆ ನಿಂತು ನೀರು ಬೆರೆಸುತ್ತಿದ್ದ ಅಜ್ಜಿಯ ವಿದ್ಯೆ ಸಣ್ಣದಲ್ಲವೆಂದು ತಿಳಿಯುತ್ತದೆ.

ಆ ಹಂಡೆಯನ್ನು ಕುರಿತು ಎರಡು ಮಾತು ಹೇಳಬೇಕು. ಬಚ್ಚಲ ಮೂಲೆಯಲ್ಲಿ ಮಣ್ಣಿನಿಂದ ಕಟ್ಟಿದ ಒಲೆ. ಒಲೆಯ ಮೇಲೆ ಹೂತಿಟ್ಟ ತಾಮ್ರದ ಹಂಡೆ. ಪಕ್ಕದಲ್ಲಿ ತಣ್ಣೀರಿನ ತೊಟ್ಟಿ. ಒಲೆಗೆ ಏನು ಸಿಕ್ಕುವುದೋ ಅದೇ ಸೌದೆ. ರೇಷ್ಮೆಹುಳು ಸಾಕುವ ಹಳ್ಳಿಗಳಲ್ಲಿ ಸೊಪ್ಪು ಬಿಡಿಸಿಕೊಂಡ ಹಿಪ್ಪುನೇರಳೆ ಕಡ್ಡಿ, ಶ್ರೀನಿವಾಸಪುರದ ತೋಪುಗಳಲ್ಲಿ ಮಾವಿನ ಒಣಗಿದ ರೆಂಬೆ, ಮಾಲೂರಿನ ಕಡೆ ನೀಲಗಿರಿಯ ತರಗು ಮತ್ತು ತೊಗಟೆ. ಒಲೆಯ ಉರಿಯನ್ನು ಹೆಚ್ಚಿಸುವುದು ಒಂದು ಕಡ್ಡಿಯನ್ನು ಒಳಗೆ ತಳ್ಳುವುದರಿಂದ. ತಗ್ಗಿಸುವುದು ಒಂದು ಕಡ್ಡಿಯನ್ನು ಹೊರಗೆ ಎಳೆಯುವುದರಿಂದ. ನೋಡುವುದು, ಮುಟ್ಟುವುದು, ತಳ್ಳುವುದು, ಎಳೆಯುವುದು: ಇಂದಿನ ಉಷ್ಣಸ್ಥಾಪಿ ಮಾಡುವ ಕೆಲಸವೆಲ್ಲ ಇಷ್ಟೇ. ಅದನ್ನು ಒಬ್ಬ ಮನುಷ್ಯಪ್ರಾಣಿ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಬೆಳಗಿನ ಜಾವ ಎದ್ದು ಮಾಡಬೇಕಾಗಿತ್ತು. ಹಂಡೆಯ ಕಾಲವನ್ನು ಹಾಡಿಹೊಗಳುವವರು ಆ ಕಣ್ಣುಗಳನ್ನು ಮರೆಯಬಾರದು.

ಆದರೆ ಹಂಡೆಗೆ ಒಂದು ಭಾಗ್ಯವಿತ್ತು. ವರ್ಷಕ್ಕೊಂದು ದಿನ ಅದರದೇ ಹಬ್ಬ. ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ, ನರಕ ಚತುರ್ದಶಿಯ ಮುನ್ನಾದಿನ, ನೀರು ತುಂಬುವ ಹಬ್ಬ. ಆ ದಿನ ಹಂಡೆಯನ್ನು ಬರಿದುಮಾಡಿ, ಹುಣಿಸೇಹಣ್ಣು ಹಚ್ಚಿ ತಿಕ್ಕಿ, ತೊಳೆದು, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಕಂಠಕ್ಕೆ ಹಾಗಲಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜಿಸುತ್ತಿದ್ದರು. ಮಾರನೆಯ ಬೆಳಗ್ಗೆ ಎಣ್ಣೆಸ್ನಾನ. ಈ ತಿಕ್ಕುವಿಕೆಯಲ್ಲಿ ಭಕ್ತಿಯ ಜೊತೆಗೆ ಒಂದು ರಸಾಯನಶಾಸ್ತ್ರವೂ ಅಡಗಿತ್ತು. ಅದನ್ನು ಸ್ವಲ್ಪ ತಡೆದು ಹೇಳುತ್ತೇನೆ.

ಕಾವನ್ನು ತಾನಾಗಿಯೇ ಒಂದು ಮಟ್ಟದಲ್ಲಿ ನಿಲ್ಲಿಸುವ ಉಪಾಯವನ್ನು ಯೂರೋಪಿನಲ್ಲಿ ಮೊದಲು ಮಾಡಿ ತೋರಿಸಿದವರಲ್ಲಿ ಕಾರ್ನೆಲಿಸ್ ಡ್ರೆಬೆಲ್ ಪ್ರಸಿದ್ಧನು. ಹಾಲೆಂಡ್ ದೇಶದವನಾದ ಈತ ಇಂಗ್ಲೆಂಡಿನಲ್ಲಿ ನೆಲಸಿ, ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ, ಮೊಟ್ಟೆಗಳಿಗೆ ಕಾವು ಕೊಡುವ ಒಂದು ಕುಲುಮೆಯನ್ನು ರಚಿಸಿದನು. ಕಾವು ಏರಿದರೆ ಅದರೊಳಗಿನ ಮದ್ಯಸಾರ ಉಬ್ಬಿ ಪಾದರಸವನ್ನು ತಳ್ಳುವುದು, ಪಾದರಸವು ಗಾಳಿಯ ಕಿಂಡಿಯನ್ನು ಮುಚ್ಚುವುದು, ಬೆಂಕಿ ತಗ್ಗುವುದು. ಕಾವು ಇಳಿದರೆ ಕಿಂಡಿ ಮತ್ತೆ ತೆರೆಯುವುದು. ಕಡ್ಡಿಯನ್ನು ತಳ್ಳುವ ಎಳೆಯುವ ಕೈಯ ಜಾಗದಲ್ಲಿ ಒಂದು ದ್ರವ ಬಂದು ಕುಳಿತಿತು.

ಆ ಮುಂದಿನ ಶತಮಾನದಲ್ಲಿ ಜಾನ್ ಹ್ಯಾರಿಸನ್ ಎಂಬ ಗಡಿಯಾರ ಕಟ್ಟುವವನು ಎರಡು ಲೋಹಗಳ ಪಟ್ಟಿಯನ್ನು ಬೆಸೆದು ಉಪಯೋಗಿಸಿದನು. ಕಾವು ತಾಕಿದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಮೆ. ಆದಕಾರಣ ಪಟ್ಟಿ ಬಾಗುತ್ತದೆ. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರ್ಯೂ ಊರ್ ಎಂಬಾತನು ೧೮೩೦ರಲ್ಲಿ ಈ ಬಾಗುವಿಕೆಯಿಂದಲೇ ಕಾವನ್ನು ಅಂಕೆಯಲ್ಲಿಡುವ ಸಾಧನಕ್ಕೆ ಹಕ್ಕುಪತ್ರ ಪಡೆದು, ಅದನ್ನು ಥರ್ಮೋಸ್ಟಾಟ್ ಎಂದು ಕರೆದನು. ಗ್ರೀಕಿನ ‘ಥೆರ್ಮೋಸ್’ ಎಂದರೆ ಬಿಸಿ. ‘ಸ್ಟಾಟೋಸ್’ ಎಂದರೆ ನಿಂತದ್ದು. ಭಾಷಾಶಾಸ್ತ್ರಜ್ಞರು ಮೊದಲನೆಯದನ್ನು ನಮ್ಮ ಸಂಸ್ಕೃತದ ‘ಘರ್ಮ’ ಶಬ್ದಕ್ಕೂ, ಎರಡನೆಯದನ್ನು ‘ಸ್ಥಾ’ ಧಾತುವಿಗೂ ದಾಯಾದಿಗಳೆಂದು ಗುರುತಿಸಿದ್ದಾರೆ. ಪರದೇಶದ ಹೆಸರು ಎಂದು ಹೆದರಬೇಕಾದದ್ದಿಲ್ಲ. ಕೇಳಿದರೆ ಹಳೆಯ ನೆಂಟಸ್ತನ ಹೊರಡುತ್ತದೆ.

ಗೀಸರ್ ಎಂಬ ಹೆಸರು ಬಂದದ್ದು ಬೇರೊಂದು ದಾರಿಯಿಂದ. ಐಸ್‌ಲೆಂಡಿನಲ್ಲಿ ಗೆಯ್ಸಿರ್ ಎಂಬ ಬಿಸಿನೀರಿನ ಬುಗ್ಗೆಯುಂಟು. ೧೮೬೮ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾಘನ್ ಎಂಬಾತನು ಅನಿಲದ ಉರಿಯಿಂದ ನೀರು ಕಾಯಿಸುವ ಯಂತ್ರವನ್ನು ಮಾಡಿ ಅದಕ್ಕೆ ಆ ಬುಗ್ಗೆಯ ಹೆಸರನ್ನು ಇಟ್ಟನು. ಕಾವನ್ನು ತಾನೇ ನೋಡಿಕೊಳ್ಳುವ, ನೀರನ್ನು ತುಂಬಿಟ್ಟುಕೊಳ್ಳುವ ಯಂತ್ರವನ್ನು ೧೮೮೯ರಲ್ಲಿ ಅಮೆರಿಕದಲ್ಲಿ ನೆಲಸಿದ್ದ ನಾರ್ವೆಯ ಎಡ್ವಿನ್ ರೂಡ್ ರಚಿಸಿದನು. ನಮ್ಮ ಮನೆಗಳ ಗೀಸರು ಗುಣದಲ್ಲಿ ರೂಡನ ಸಂತತಿ, ಹೆಸರಿನಲ್ಲಿ ಮಾಘನ್ನನ ಸಂತತಿ.

ಇನ್ನು ವಿದ್ಯುಚ್ಛಕ್ತಿ. ಈ ವಿಷಯದಲ್ಲಿ ಕೋಲಾರ ಜಿಲ್ಲೆಗೆ ದೊರೆತ ಸ್ಥಾನ ಅಸಾಧಾರಣವಾದುದು. ಕಾವೇರಿಯ ಶಿವನಸಮುದ್ರದ ಜಲಪಾತದಿಂದ ಶಕ್ತಿಯನ್ನು ತೆಗೆಯುವ ಯೋಜನೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ರೂಪುಗೊಂಡಿತು. ಅವರು ೧೯೦೧ರಲ್ಲಿ ತೀರಿಕೊಂಡರು. ಮರುವರ್ಷ, ೧೯೦೨ರಲ್ಲಿ, ಆ ಶಕ್ತಿ ಸುಮಾರು ೯೨ ಮೈಲಿಗಳ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ಆಮೇಲೆ, ೧೯೦೫ರಲ್ಲಿ.

ಆ ಶಕ್ತಿ ಬಂದದ್ದು ಸ್ನಾನಕ್ಕಲ್ಲ, ಚಿನ್ನಕ್ಕೆ. ಗಣಿಗಳು ಇಳಿಯುತ್ತ ಇಳಿಯುತ್ತ ಸುಮಾರು ಮೂರು ಕಿಲೋಮೀಟರುಗಳ ಆಳವನ್ನು ದಾಟಿದವು. ಅಲ್ಲಿ ಬಂಡೆಯ ಕಾವೇ ೬೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿತ್ತು. ಅಂದರೆ ಇಂದು ನಾವು ಗೀಸರಿನಲ್ಲಿ ನೀರನ್ನು ಕಾಯಿಸುವ ಮಟ್ಟ! ಅಲ್ಲಿ ಕೆಲಸಮಾಡುವ ಮನುಷ್ಯ ಬದುಕಬೇಕಾದರೆ ಗಾಳಿಯನ್ನು ತಣಿಸಿ ಕೆಳಗೆ ಕಳುಹಬೇಕಾಗಿತ್ತು. ಹೀಗೆ ಈ ಜಿಲ್ಲೆಯಲ್ಲಿ ವಿದ್ಯುಚ್ಛಕ್ತಿ ಬಚ್ಚಲ ನೀರನ್ನು ಬಿಸಿಮಾಡುವ ಮೊದಲೇ ಗಣಿಯ ಗಾಳಿಯನ್ನು ತಂಪುಮಾಡುವ ಊಳಿಗದಲ್ಲಿತ್ತು. ಆ ಗಣಿಗಳು ೨೦೦೧ರಲ್ಲಿ ಮುಚ್ಚಿದವು. ಸುತ್ತಣ ಹಳ್ಳಿಗಳ ಪಾಲಿಗಾದರೋ ಆ ಶಕ್ತಿ ದಶಕಗಳ ತರುವಾಯ ದೀಪವಾಗಿ, ಪಂಪುಸೆಟ್ಟಾಗಿ ಬಂತು. ಬಚ್ಚಲಿಗೆ ಬಂದದ್ದು ಎಲ್ಲಕ್ಕಿಂತ ಕಡೆಗೆ.

ಬಚ್ಚಲಿಗೆ ಬಂದ ಮೊದಲ ರೂಪ ಬಕೆಟ್ಟಿನಲ್ಲಿ ಇಳಿಬಿಡುವ ಕಾಯಿಲು. ಅದಕ್ಕೆ ಕೈಯೂ ಇಲ್ಲ, ಕಣ್ಣೂ ಇಲ್ಲ. ಮರೆತರೆ ನೀರು ಕುದಿದು ಆರುತ್ತದೆ. ಸ್ವಿಚ್ಚು ಆರಿಸದೆ ನೀರು ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ. ಆಮೇಲೆ ಬಂದ ಗೀಸರಿನಲ್ಲಿ ಉಷ್ಣಸ್ಥಾಪಿ ಸೇರಿತು. ಹಳೆಯ ಮಾದರಿಯದು ಒಂದು ಕೊಳವೆ, ಅದರೊಳಗೆ ಒಂದು ಕಡ್ಡಿ. ಕೊಳವೆ ಹಿತ್ತಾಳೆಯಂಥ ಹಿಗ್ಗುವ ಲೋಹದ್ದು. ಕಡ್ಡಿ ‘ಇನ್‌ವಾರ್’ ಎಂಬ, ಕಾವಿಗೆ ಬಹುಮಟ್ಟಿಗೆ ಹಿಗ್ಗದ ಮಿಶ್ರಲೋಹದ್ದು. ಈ ಮಿಶ್ರಲೋಹವನ್ನು ೧೮೯೬ರಲ್ಲಿ ಕಂಡುಹಿಡಿದ ಶಾರ್ಲ್ ಎದುಆರ್ ಗಿಯೋಮ್ ೧೯೨೦ರಲ್ಲಿ ನೊಬೆಲ್ ಬಹುಮಾನವನ್ನು ಪಡೆದನು. ನೀರು ಬಿಸಿಯಾದಂತೆ ಕೊಳವೆ ಉದ್ದವಾಗುತ್ತದೆ, ಕಡ್ಡಿ ಹಾಗೆಯೇ ಉಳಿಯುತ್ತದೆ, ಆ ಅಂತರ ಒಂದು ಗುಂಡಿಯನ್ನು ಸರಿಸಿ ವಿದ್ಯುತ್ತನ್ನು ಕಡಿಯುತ್ತದೆ. ಹ್ಯಾರಿಸನ್ನನ ಪಟ್ಟಿಯ ಯುಕ್ತಿಯೇ ಇಲ್ಲಿ ಕೊಳವೆಯ ವೇಷವನ್ನು ತೊಟ್ಟಿದೆ.

ಈಚಿನ ಎಲೆಕ್ಟ್ರಾನಿಕ್ ಉಷ್ಣಸ್ಥಾಪಿಯಲ್ಲಿ ಹಿಗ್ಗುವುದು ಕುಗ್ಗುವುದು ಇಲ್ಲ. ಕಾವು ಏರಿದಂತೆ ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಕಡಮೆಮಾಡಿಕೊಳ್ಳುವ ಒಂದು ವಸ್ತುವಿನ ಮಣಿ ಅದರ ನಾಲಗೆ. ಈ ಗುಣವನ್ನು ಮೈಕೆಲ್ ಫ್ಯಾರಡೆ ೧೮೩೩ರಲ್ಲಿಯೇ ಬೆಳ್ಳಿಯ ಸಲ್ಫೈಡಿನಲ್ಲಿ ಕಂಡಿದ್ದನು. ಮಣಿಯ ತಡೆಯನ್ನು ಒಂದು ಪುಟ್ಟ ಮಂಡಲ ಓದಿ, ನಾವು ಗೊತ್ತುಮಾಡಿದ ಅಂಕಿಯೊಡನೆ ಹೋಲಿಸಿ, ಕಡಮೆಯಿದ್ದರೆ ವಿದ್ಯುತ್ತನ್ನು ಬಿಡುತ್ತದೆ, ಸರಿಹೋದರೆ ನಿಲ್ಲಿಸುತ್ತದೆ. ಕೂಡಿಸುವ ಗುಂಡಿ, ಕಳೆಯುವ ಗುಂಡಿ, ಬೆಳಕಿನ ಅಂಕಿ: ಬಳಸುವವನ ಕಣ್ಣಿಗೆ ಬೀಳುವುದು ಇಷ್ಟು. ೫೦ ಎಂದು ಇಟ್ಟರೆ ೫೦ರಲ್ಲಿ ಆರಿ, ಕೆಲವು ಡಿಗ್ರಿ ಇಳಿದ ಮೇಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಈ ಅಂತರವನ್ನು ದೋಷವೆಂದು ಭಾವಿಸಬಾರದು. ಅದಿಲ್ಲದಿದ್ದರೆ ಯಂತ್ರ ಕ್ಷಣಕ್ಷಣಕ್ಕೂ ಹೊತ್ತಿ ಆರಿ ಬೇಗನೆ ಸವೆಯುತ್ತದೆ.

ಅಂಕಿ ಎಷ್ಟಿರಬೇಕು ಎಂಬುದು ಗೃಹಸ್ಥರ ಪ್ರಶ್ನೆ. ಲೆಕ್ಕವನ್ನೇ ನೋಡೋಣ. ಹದಿನೈದು ಲೀಟರಿನ ಪಾತ್ರೆ, ಎರಡು ಕಿಲೋವಾಟಿನ ಸುರುಳಿ, ತೊಟ್ಟಿಯ ನೀರು ೨೫ ಡಿಗ್ರಿ ಎಂದಿಟ್ಟುಕೊಳ್ಳಿ. ೫೦ಕ್ಕೆ ಏರಿಸಲು ಸುಮಾರು ೧೩ ನಿಮಿಷ, ೦.೪೪ ಯೂನಿಟ್ಟು, ೬೦ಕ್ಕೆ ಸುಮಾರು ೧೮ ನಿಮಿಷ, ೦.೬೧ ಯೂನಿಟ್ಟು, ೭೫ಕ್ಕೆ ಸುಮಾರು ೨೬ ನಿಮಿಷ, ೦.೮೭ ಯೂನಿಟ್ಟು. ಹೆಚ್ಚು ಬಿಸಿಗೆ ಹೆಚ್ಚು ತಣ್ಣೀರು ಬೆರೆತು ಹೆಚ್ಚು ಮಂದಿಯ ಸ್ನಾನವಾಗುವುದು ನಿಜ. ಆದರೆ ಸ್ನಾನಕ್ಕೆ ಮೈ ಕೇಳುವುದು ೪೦ರ ಆಸುಪಾಸು. ೬೦ ಡಿಗ್ರಿಯ ನೀರು ಬೆಳೆದವರ ಚರ್ಮವನ್ನೇ ಸುಮಾರು ಐದು ಸೆಕೆಂಡುಗಳಲ್ಲಿ ಸುಡುತ್ತದೆ. ಎಳೆಯ ಮಕ್ಕಳ ತೆಳು ಚರ್ಮಕ್ಕೆ ಅಷ್ಟು ಹೊತ್ತೂ ಬೇಡ. ೫೦ ಡಿಗ್ರಿಯಾದರೆ ಕೈ ಹಿಂದೆಗೆಯಲು ನಿಮಿಷಗಳ ಅವಕಾಶವುಂಟು. ಕೊಳಾಯಿಯನ್ನು ತಾನೇ ತಿರುಗಿಸುವ ಮಗು, ಬೇಗ ಸರಿಯಲಾರದ ಮುದುಕರು ಇರುವ ಮನೆಯಲ್ಲಿ ೫೦ರಿಂದ ೫೫ರೊಳಗೆ ಇಡುವುದು ವಿವೇಕ.

ಇದಕ್ಕೊಂದು ಪ್ರತಿಪಕ್ಷವೂ ಉಂಟು. ೧೯೭೬ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಹಬ್ಬಿದ ಒಂದು ಶ್ವಾಸರೋಗದ ಕಾರಣವಾಗಿ ಮರುವರ್ಷ ಗುರುತಾದ ಲೀಜಿಯೊನೆಲ್ಲ ಎಂಬ ಸೂಕ್ಷ್ಮಾಣು, ನಿಂತ ಉಗುರುಬೆಚ್ಚನೆಯ ನೀರಿನಲ್ಲಿ ಬೆಳೆಯುತ್ತದೆ. ೬೦ ಡಿಗ್ರಿಯಲ್ಲಿ ಸಾಯುತ್ತದೆ. ದಿನವೂ ಬರಿದಾಗಿ ತುಂಬುವ ಸಣ್ಣ ಪಾತ್ರೆಗೆ ಈ ಭಯ ಕಡಮೆ. ಆದರೆ ಊರಿಗೆ ಹೋಗಿ ಹಲವು ದಿನಗಳ ಮೇಲೆ ಬಂದವರು ಒಮ್ಮೆ ೬೦ಕ್ಕೆ ಏರಿಸಿ, ಆಮೇಲೆ ಅಂಕಿಯನ್ನು ಇಳಿಸಿಕೊಳ್ಳುವುದು ಒಳ್ಳೆಯದು.

ಇಷ್ಟು ಎಲ್ಲ ಊರಿಗೂ ಅನ್ವಯಿಸುವ ಮಾತು. ಕೋಲಾರದ ಸೀಮೆಗೆ ವಿಶೇಷವಾದದ್ದು ಇನ್ನು ಮುಂದಿದೆ. ವರ್ಷಪೂರ್ತಿ ಹರಿಯುವ ನದಿಯಿಲ್ಲದ ಈ ನಾಡನ್ನು ಹಿರಿಯರು ಸಾವಿರಾರು ಕೆರೆಗಳಿಂದ ಕಾಪಾಡಿದರು. ಕೆರೆಗಳು ಹೂಳು ತುಂಬಿದ ಮೇಲೆ, ತೆರೆದ ಬಾವಿಗಳು ಬತ್ತಿದ ಮೇಲೆ, ಕೊಳವೆಬಾವಿಗಳು ನೆಲವನ್ನು ಕೊರೆಯುತ್ತ ಸಾವಿರ ಅಡಿಗಳನ್ನೂ ಮೀರಿ ಇಳಿದವು. ೨೦೧೮ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಂತೆ ಬೆಂಗಳೂರಿನ ಸಂಸ್ಕರಿಸಿದ ನೀರು ಇಲ್ಲಿನ ಕೆರೆಗಳಿಗೆ ಬರತೊಡಗಿತಾದರೂ, ಮನೆಯ ತೊಟ್ಟಿಗೆ ಬೀಳುವುದು ಬಹುಪಾಲು ಕೊಳವೆಬಾವಿಯ ನೀರೇ. ಬಂಡೆಯ ಸಂದಿನಲ್ಲಿ ಬಹುಕಾಲ ತಂಗಿದ ನೀರು ಖನಿಜವನ್ನು ಕರಗಿಸಿಕೊಂಡು ಗಡಸಾಗುತ್ತದೆ. ಬೇಳೆ ಬೇಯದು, ಸಾಬೂನು ನೊರೆಯದು ಎಂದು ಹೆಂಗಸರು ಹೇಳುವುದು ಇದನ್ನೇ.

ಗಡಸು ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಬೇರ್ಪಟ್ಟು ಕಲ್ಲಾಗಿ ಕಟ್ಟಿಕೊಳ್ಳುತ್ತದೆ. ಕಾವು ಹೆಚ್ಚಿದಷ್ಟೂ ಕಲ್ಲು ಹೆಚ್ಚು. ಮೊದಲು ಅದು ಕೂರುವುದು ಎಲ್ಲಕ್ಕಿಂತ ಬಿಸಿಯಾದ ಸುರುಳಿಯ ಮೇಲೆ. ಕಲ್ಲಿನ ಕವಚದೊಳಗೆ ಸುರುಳಿಯ ಕಾವು ನೀರಿಗೆ ಬೇಗ ಇಳಿಯಲಾರದೆ, ಸುರುಳಿ ತಾನೇ ಅತಿಯಾಗಿ ಕಾದು, ಒಂದು ದಿನ ಸೀಳುತ್ತದೆ. ಆಮೇಲೆ ಕಲ್ಲು ಉಷ್ಣಸ್ಥಾಪಿಯ ನಾಲಗೆಯ ಮೇಲೂ ಕಟ್ಟುತ್ತದೆ. ಕಂಬಳಿ ಹೊದ್ದವನಿಗೆ ಹೊರಗಿನ ಬಿಸಿಲು ತಡವಾಗಿ ತಿಳಿಯುವಂತೆ, ನೀರು ಗೊತ್ತಾದ ಅಂಕಿಯನ್ನು ದಾಟಿದ ಮೇಲೆ ಅದಕ್ಕೆ ಸುದ್ದಿ ಮುಟ್ಟುತ್ತದೆ. ಕೆಲವು ಸಲ ಸುರುಳಿಗೂ ನಾಲಗೆಗೂ ನಡುವೆ ಕಲ್ಲೇ ಸೇತುವೆಯಾಗಿ, ಸುರುಳಿಯ ಕಾವನ್ನು ನೀರಿನ ಕಾವೆಂದು ಭ್ರಮಿಸಿ, ನೀರು ಬೆಚ್ಚಗಾಗುವ ಮೊದಲೇ ಅದು ಆರಿಬಿಡುತ್ತದೆ. ಎರಡರಲ್ಲಿಯೂ ಗೋಡೆಯ ಮೇಲಿನ ಅಂಕಿ ನಿಶ್ಚಿಂತೆಯಿಂದ ೫೦ ಎಂದೇ ಹೊಳೆಯುತ್ತಿರುತ್ತದೆ!

ಯಂತ್ರ ಸುಳ್ಳು ಹೇಳುತ್ತಿದೆ ಎನ್ನಲಾಗದು. ತನ್ನ ನಾಲಗೆಗೆ ತಾಕಿದ್ದನ್ನು ಅದು ಹೇಳುತ್ತಿದೆ. ನಾಲಗೆಗೆ ಏನು ಅಂಟಿದೆ ಎಂಬುದನ್ನು ಮಾತ್ರ ಅದು ಅರಿಯದು. ಆದ್ದರಿಂದ ಮಗುವಿನ ಮೈಗೆ ಸುರಿಯುವ ಮುನ್ನ ನೀರನ್ನು ಮೊಣಕೈಯಿಂದ ಮುಟ್ಟಿನೋಡುವ ತಾಯಂದಿರು ಹಳೆಯ ಕಾಲದವರೆಂದು ನಗಬಾರದು. ಅಂಕಿಯ ಮೇಲೆ ಕಡೆಯ ತೀರ್ಪು ಇಂದಿಗೂ ಆ ಕೈಯದೇ. ಮೊದಲು ಹದಿನೈದು ನಿಮಿಷಕ್ಕೆ ಕಾಯುತ್ತಿದ್ದ ಗೀಸರು ಅರ್ಧ ಗಂಟೆ ತೆಗೆದುಕೊಂಡರೆ, ಒಳಗೆ ಕಲ್ಲು ಉರುಳಿದಂತೆ ಸದ್ದಾದರೆ, ಕೊಳಾಯಿಯಲ್ಲಿ ಬಿಳಿಯ ಹಕ್ಕಳೆ ಬಿದ್ದರೆ, ಅಂಕಿಗೂ ಕೈಗೂ ಮಾತು ಹೊಂದದಿದ್ದರೆ, ಕಲ್ಲು ಕಟ್ಟಿದೆಯೆಂದು ತಿಳಿಯಬೇಕು.

ಹಂಡೆಯ ಕಾಲದಲ್ಲಿಯೂ ಕಲ್ಲು ಕಟ್ಟುತ್ತಿತ್ತು. ಆದರೆ ಹಂಡೆಯ ಬಾಯಿ ತೆರೆದಿರುತ್ತಿತ್ತು, ಕಣ್ಣಿಗೆ ಬೀಳುತ್ತಿತ್ತು. ತಡೆದು ಹೇಳುತ್ತೇನೆಂದ ಮಾತು ಇಲ್ಲಿಗೆ ಬಂತು: ಹುಣಿಸೆಯ ಹುಳಿ ಒಂದು ಆಮ್ಲ, ಸುಣ್ಣದ ಕಲ್ಲು ಆಮ್ಲಕ್ಕೆ ಕರಗುತ್ತದೆ. ನೀರು ತುಂಬುವ ಹಬ್ಬದ ಸಂಜೆ ಹುಣಿಸೇಹಣ್ಣಿನಿಂದ ಹಂಡೆ ತಿಕ್ಕಿದ ಹೆಂಗಸು, ವರ್ಷದ ಕಲ್ಲನ್ನು ಸಡಿಲಿಸುತ್ತಿದ್ದಳು. ಇಂದಿನ ಕುಶಲಕರ್ಮಿ ಗೀಸರಿನ ಕಲ್ಲನ್ನು ತೆಗೆಯಲು ಬಳಸುವುದೂ ಆಮ್ಲವನ್ನೇ. ವಿದ್ಯೆ ಅದೇ, ಪಂಚಾಂಗದಲ್ಲಿ ಅದಕ್ಕಿದ್ದ ತಿಥಿ ಮಾತ್ರ ತಪ್ಪಿಹೋಯಿತು. ಮುಚ್ಚಿದ ಪಾತ್ರೆಯನ್ನು ಯಾರೂ ನೆನೆಯುವುದಿಲ್ಲ. ಮಾಳಿಗೆಯ ಮೇಲೆ ಸೂರ್ಯಶಾಖದ ಹೀಟರು ಕೂಡಿಸಿದವರಿಗೂ ಇದು ತಪ್ಪಿದ್ದಲ್ಲ. ಮೋಡದ ದಿನಕ್ಕೆಂದು ಅದರೊಳಗೆ ಸುರುಳಿಯೂ ಉಷ್ಣಸ್ಥಾಪಿಯೂ ಇದ್ದರೆ, ನೀರು ಅದೇ ನೀರು.

ಆ ತಿಥಿಯನ್ನು ಮತ್ತೆ ಗೊತ್ತುಮಾಡುವುದು ಕಷ್ಟವಲ್ಲ. ದೀಪಾವಳಿಗೆ ಒಂದು ವಾರ ಮುಂಚೆ ತಿಳಿದ ಕೆಲಸಗಾರನನ್ನು ಕರೆದು, ಮುಖ್ಯ ಸ್ವಿಚ್ಚನ್ನು ಆರಿಸಿಸಿ, ಪಾತ್ರೆಯನ್ನು ಬರಿದುಮಾಡಿಸಿ, ಸುರುಳಿಯನ್ನೂ ಉಷ್ಣಸ್ಥಾಪಿಯ ನಾಲಗೆಯನ್ನೂ ಶುಚಿಮಾಡಿಸಬೇಕು. ಒತ್ತಡವನ್ನು ಹೊರಬಿಡುವ ಕವಾಟ ಅಂಟಿಕೊಂಡಿಲ್ಲವೆಂದು ನೋಡಿಸಬೇಕು. ನೆಲಕ್ಕೆ ಇಳಿಸಿದ ತಂತಿ ಸರಿಯಿದೆಯೆಂದು ಪರೀಕ್ಷಿಸಿಸಬೇಕು. ಕಲ್ಲು ಬಹಳ ಬಂದರೆ ಮುಂದಿನ ಸಲ ಆರು ತಿಂಗಳಿಗೇ ಕರೆಯಬೇಕು. ಅಂಕಿಯನ್ನು ಐದು ಡಿಗ್ರಿ ಇಳಿಸಿ ನೋಡಬೇಕು. ತ್ರಯೋದಶಿಯ ಸಂಜೆ ಹೊಸ ನೀರು ತುಂಬಿ ಸ್ವಿಚ್ಚು ಹಾಕಬಹುದು. ಹಾಗಲಬಳ್ಳಿಯನ್ನು ಕಟ್ಟುವುದು ಬಿಡುವುದು ಅವರವರ ಇಚ್ಛೆ. ಚತುರ್ದಶಿಯ ಬೆಳಗ್ಗೆ ಮನೆಯ ಕಿರಿಯ ಮಗುವಿಗೆ ಎಣ್ಣೆ ಹಚ್ಚಿ ಕೂಡಿಸಿದಾಗ ಅಂಕಿಯನ್ನೂ ನೋಡಿ, ನೀರನ್ನೂ ಮುಟ್ಟಿ. ಎರಡೂ ಒಂದೇ ಮಾತು ಹೇಳಿದರೆ ಸುರಿಯಿರಿ.